ಹದಿನೇಳನೆಯ ಪಾಠ

ಜನವರಿ 12, ಸೋಮವಾರ

‘ದಿನದ ಕೊನೆಗೆ ಒಂದು ಪುಟ ಬರೆಯಿರಿ. ಇಂದು ಚೆನ್ನಾಗಿ ಮಾಡಿದ ಒಂದು ಕೆಲಸ, ನಾಳೆ ಮಾಡಬೇಕಾದ ಒಂದು ಕೆಲಸ. ನಿಮಗಾಗಿ ಮಾತ್ರ ಬರೆಯಿರಿ.’ ಇದು ಮೊದಲನೆಯ ಪಾಠ. ಬೆಳಿಗ್ಗೆ ನಾನೇ ವೇದಿಕೆ ಹತ್ತಿ, ಸಿಗಾರ್ ಸುತ್ತುವ ತೊಂಬತ್ತಾರು ಜನಕ್ಕೆ ಓದಿ ಹೇಳಿದ್ದು. ಹೇಳಿದವಳೇ ಮಾಡದಿದ್ದರೆ ಹೇಗೆ ಎಂದು ಈಗ ಬರೆಯಲು ಕೂತಿದ್ದೇನೆ.

ಇಂದು ಚೆನ್ನಾಗಿ ಮಾಡಿದ ಕೆಲಸ: ವೇದಿಕೆಯಿಂದ ಕೆಳಗೆ ಬೀಳಲಿಲ್ಲ.

ನಾಳೆ ಮಾಡಬೇಕಾದ ಕೆಲಸ: ಬೀಳದಿರುವುದು.

ಹನ್ನೊಂದು ವರ್ಷ ಓದುಗನ ಈ ಕುರ್ಚಿಗೆ ಆಸೆಪಟ್ಟೆ. ಒಳಕೋಣೆಯಲ್ಲಿ ಕೂತು ಒದ್ದೆ ಎಲೆಯ ನಡುನರ ಕೀಳುತ್ತಾ, ಮುಚ್ಚಿದ ಬಾಗಿಲಿನಾಚೆ ಸಿಗಾರ್ ಸುತ್ತುವವರಿಗೆ ಓದುಗ ದಿನವಿಡೀ ಪತ್ರಿಕೆ, ಕಾದಂಬರಿ ಓದಿ ಹೇಳುವುದಕ್ಕೆ ಕಿವಿಗೊಡುತ್ತಿದ್ದೆ. ಎಲೆ ಒಣಗಬಾರದೆಂದು ಆ ಬಾಗಿಲು ಸದಾ ಮುಚ್ಚಿಯೇ ಇರುತ್ತದೆ. ಕಾದಂಬರಿಯಲ್ಲಿ ಯಾರೋ ಯಾರನ್ನೋ ಕೊಂದರು ಎನ್ನುವುದು ಕೇಳುತ್ತಿತ್ತು, ಯಾರು ಯಾರನ್ನು ಎನ್ನುವುದು ಕೇಳುತ್ತಿರಲಿಲ್ಲ. ಹಳೆಯ ಓದುಗನ ಗಂಟಲು ಕೆಟ್ಟು ಅವನು ಮನೆ ಸೇರಿದಾಗ ಹೆಸರು ಕೊಟ್ಟವರು ಮೂವರು. ಇಬ್ಬರು ಎರಡೇ ದಿನಕ್ಕೆ ಓಡಿಹೋದರು. ಉಳಿದವಳು ನಾನು.

ಮೂವತ್ತು ದಿನದ ಪರೀಕ್ಷೆ. ಫೆಬ್ರವರಿ ಹನ್ನೊಂದಕ್ಕೆ ಕೆಲಸಗಾರರು ಮತ ಹಾಕುತ್ತಾರೆ. ಬೇಕು ಎಂದರೆ ಕುರ್ಚಿ ನನ್ನದು. ಬೇಡ ಎಂದರೆ ಒಳಕೋಣೆಗೆ ವಾಪಸ್ಸು. ಅಲ್ಲಿ ನನ್ನ ಜಾಗವನ್ನು ಖಾಲಿ ಇಟ್ಟಿದ್ದಾರೆ. ಇನ್ನೊಂದು ಚಳಿಗಾಲ ಆ ಎಲೆಯ ಘಾಟಿನಲ್ಲಿ ಕೂತರೆ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕಿಂತಲೂ, ಅಷ್ಟು ಜನರ ಎದುರು ಸೋತು, ತಲೆ ತಗ್ಗಿಸಿಕೊಂಡು ಆ ಬಾಗಿಲು ನೂಕುವುದಿದೆಯಲ್ಲ, ಅದು ಬೇಡವೇ ಬೇಡ.

ಜನವರಿ 13, ಮಂಗಳವಾರ

ಪತ್ರಿಕೆ ಓದಿದಾಗ ಯಾರೂ ಏನೂ ಅನ್ನಲಿಲ್ಲ. ಕಷ್ಟವೆಲ್ಲ ಪುಸ್ತಿಕೆಯದು. ‘ಕೆಲಸದಲ್ಲಿ ಗೆಲುವು: ಮೂವತ್ತು ಪಾಠಗಳು.’ ಮೇಲಿನ ಕಚೇರಿ ಕಳಿಸಿದ್ದಂತೆ. ಮ್ಯಾನೇಜರ್ ಎವೆಲಿಯೊ ಇದ್ದ ಒಂದೇ ಪ್ರತಿಯನ್ನು ನನ್ನ ಕೈಗಿಟ್ಟು, “ನೋಡು ನೆರೈದಾ, ದಿನಾ ಬೆಳಿಗ್ಗೆ ಒಂದು ಪಾಠ. ತಪ್ಪಬಾರದು. ಕಡೇಲಿ ಕಾಗದಕ್ಕೆ ಸಹಿ ಹಾಕೋನು ನಾನು ತಾನೆ?” ಎಂದಿದ್ದ. ಅವನು ಅದನ್ನು ಬಿಡಿಸಿಯೂ ನೋಡಿಲ್ಲ. ಮಡಿಕೆ ಮುರಿಯದ ಹೊಸ ಪುಸ್ತಿಕೆ.

ಎರಡನೆಯ ಪಾಠ: ‘ಕನ್ನಡಿಯ ಮುಂದೆ ನಿಂತು, ನಾನು ಗೆಲ್ಲುತ್ತೇನೆ ಎಂದು ಮೂರು ಸಲ ಗಟ್ಟಿಯಾಗಿ ಹೇಳಿ.’

ಓದಿ ಮುಗಿಸುವ ಮೊದಲೇ ಮೂರನೆಯ ಸಾಲಿನಿಂದ ಒಲೆಗಾರಿಯೊ ಬಾಯಿ ಹಾಕಿದ. ನಲವತ್ತೊಂದು ವರ್ಷದಿಂದ ದೊಡ್ಡ ಅಳತೆಯ ಸಿಗಾರ್ ಸುತ್ತುತ್ತಿರುವ ಮುದುಕ. “ನಮ್ಮನೆ ಕನ್ನಡಿ ಒಡೆದು ನಾಲ್ಕು ವರ್ಷ ಆಯ್ತಮ್ಮಾ. ನಾನು ಗೆದ್ದಿದ್ದೀನೋ ಇಲ್ವೋ ಅಂತ ಹೆಂಡ್ತೀನೇ ಕೇಳ್ಬೇಕು!”

ಇಡೀ ಸಾಲು ನಕ್ಕಿತು. ಆಮೇಲೆ ಎಲ್ಲಿಯೋ ಹಿಂದೆ ಠಣ್ ಎಂದು ಒಂದು ಅಲಗು ನೆಲಕ್ಕೆ ಬಿತ್ತು.

ಎಲೆ ಕತ್ತರಿಸುವ ಆ ಅಲಗನ್ನು ಮೇಜಿಗೆ ಬಡಿದರೆ ಮೆಚ್ಚುಗೆ. ನೆಲಕ್ಕೆ ಬಿಟ್ಟರೆ ಸಾಕು, ನಿಲ್ಲಿಸು ಎಂದರ್ಥ. ಒಳಕೋಣೆಯಲ್ಲಿ ನಮಗೆ ಅಲಗೇ ಇರಲಿಲ್ಲ. ಖುಷಿಯಾದರೆ ತೊಡೆಯ ಮೇಲಿನ ಹಲಗೆಗೆ ಅಂಗೈ ಬಡಿಯುತ್ತಿದ್ದೆವು. ಹೊರಗಿನ ಯಾರಿಗೂ ಅದು ಕೇಳಿದ್ದಿಲ್ಲ.

ಒಂದೇ ಅಲಗು. ಕೈಜಾರಿ ಬಿದ್ದಿರಬಹುದು. ಇಲ್ಲ, ಬೇಕೆಂದೇ ಬಿಟ್ಟಿದ್ದಾರೆ.

ಜನವರಿ 16, ಶುಕ್ರವಾರ

ಮೂರು ಅಲಗು.

ಜನವರಿ 19, ಸೋಮವಾರ

ಆರನೆಯ ಪಾಠ: ‘ನಗುಮುಖದಿಂದ ಕೆಲಸ ಆರಂಭಿಸಿ, ದಣಿವು ಹತ್ತಿರ ಸುಳಿಯದು.’ ಬಾಯಿ ಪಸೆ ಆರಿ ‘ದಣಿವು’ ಎನ್ನುವಲ್ಲಿ ದನಿ ಒಡೆಯಿತು. ನಾಲ್ಕು ಅಲಗು ಬಿದ್ದವು. ನಾನು ಎಣಿಸುತ್ತೇನೆ. ಎಣಿಸಬಾರದು ಎಂದುಕೊಂಡಷ್ಟೂ ಎಣಿಸುತ್ತೇನೆ.

ಮನೆಗೆ ಬರುವಾಗ ಮಿಗ್ದಾಲಿಯಾ ಜೊತೆಗಿದ್ದಳು. ಒಳಕೋಣೆಯಲ್ಲಿ ಹನ್ನೊಂದು ವರ್ಷ ನನ್ನ ಪಕ್ಕದಲ್ಲಿ ಕೂತವಳು.

“ಆ ದರಿದ್ರ ಪುಸ್ತಕ ಒಲೆಗೆ ಹಾಕೇ.”

“ಹಾಕಿದ್ರೆ ಎವೆಲಿಯೊ ಸಹಿ ಹಾಕಲ್ಲ.”

“ಓದಿದ್ರೆ ಅವರು ಮತ ಹಾಕಲ್ಲ.”

“ಹಾಗಾದ್ರೆ ಏನ್ ಮಾಡ್ಲಿ ಹೇಳು?”

“ನಂಗೇನ್ ಗೊತ್ತು? ಪಾಠ ಓದೋಳು ನೀನು!” ಎಂದು ನಕ್ಕಳು. ನನಗೆ ಅಳು ಬಂತು. ಅವಳು ಸಿಹಿಗೆಣಸಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ನನ್ನ ರಟ್ಟೆ ಹಿಡಿದುಕೊಂಡು ನಡೆದಳು.

ಜನವರಿ 22, ಗುರುವಾರ

ಕಾಫಿಯ ಹೊತ್ತಿಗೆ ಹಿತ್ತಲ ಗೋಡೆಯ ಬಳಿ ಒಲೆಗಾರಿಯೊ ಒಬ್ಬನೇ ಕೂತು ಸಿಗಾರ್ ಎಳೆಯುತ್ತಿದ್ದ. ಧೈರ್ಯ ಮಾಡಿ ಹೋಗಿ, “ಅಜ್ಜಾ, ನನ್ನ ಓದಲ್ಲಿ ಏನು ತಪ್ಪಿದೆ ಹೇಳು,” ಎಂದೆ.

“ನಿನ್ನ ಓದು ಸರಿಯಾಗೇ ಇದೆ ಮಗಳೇ. ಆ ಪಾಠ ಬರೆದ ಪುಣ್ಯಾತ್ಮ ಒಂದಿನಾನಾದ್ರೂ ಕೆಲಸ ಮಾಡಿದ್ದಾನಾ?”

“ನಲವತ್ತೊಂದು ವರ್ಷ ಹೇಗೆ ಮಾಡ್ದೆ ನೀನು?”

ಅವನು ಕೈಯಲ್ಲಿದ್ದ ಸಿಗಾರನ್ನು ತಿರುಗಿಸಿ ತೋರಿಸಿದ. ಸೊಟ್ಟಗಿತ್ತು. “ಇದು ಇವತ್ತಿನ ಮೊದಲನೇದು. ಬೆಳಿಗ್ಗೆ ಕೈಗೆ ಇನ್ನೂ ನಿದ್ದೆ ಬಿಟ್ಟಿರಲ್ಲ ನೋಡು, ಮೊದಲನೇದು ಯಾವತ್ತೂ ಕೆಡುತ್ತೆ. ಅದನ್ನ ನೋಡ್ಕೊಂಡು ಗೋಳಾಡ್ತಾ ಕೂತ್ರೆ ದಿನ ಪೂರ್ತಿ ಕೆಡುತ್ತೆ. ಪಕ್ಕಕ್ಕಿಡು. ಕಾಫಿ ಜೊತೆ ನೀನೇ ಸುಟ್ಟು ಹಾಕು. ಇಷ್ಟೇ ಕಣಮ್ಮ ನನ್ನ ವಿದ್ಯೆ.”

ಮನೆಗೆ ಬಂದವಳೇ ಅದನ್ನು ಇದೇ ಪುಸ್ತಕದಲ್ಲಿ ಬರೆದಿಟ್ಟೆ. ಯಾಕೆ ಎಂದು ಗೊತ್ತಿಲ್ಲ.

ಜನವರಿ 26, ಸೋಮವಾರ

ಆರು ಅಲಗು. ಒಂದು ಉರುಳುತ್ತಾ ವೇದಿಕೆಯ ಬುಡದವರೆಗೂ ಬಂತು. ಮುಖಕ್ಕೆ ಹೊಡೆದ ಹಾಗಾಯಿತು. ಅದನ್ನು ಎತ್ತಿಕೊಟ್ಟೆ. ಎತ್ತಿಕೊಡಬಾರದಿತ್ತೇನೋ.

ಇನ್ನು ಹದಿನಾರು ದಿನ. ನೀರು ಕುಡಿಯಲು ಒಳಕೋಣೆಗೆ ಹೋದಾಗ ನನ್ನ ಖಾಲಿ ಕುರ್ಚಿಯ ಕಡೆ ನೋಡದೆ ಬಂದೆ.

ಜನವರಿ 27, ಮಂಗಳವಾರ

ಒಂದು ಕೆಲಸ ಮಾಡಿದ್ದೇನೆ.

ಹನ್ನೆರಡನೆಯ ಪಾಠಕ್ಕೆಂದು ಪುಸ್ತಿಕೆ ತೆರೆದೆ. ‘ಬೆವರುವವನಿಗೆ ಬೇಸರವಿಲ್ಲ’ ಎಂದಿತ್ತು. ಫ್ಯಾನು ಕೆಟ್ಟಿತ್ತು, ತೊಂಬತ್ತಾರು ಜನ ಬೆವರುತ್ತಿದ್ದರು. ಇದನ್ನು ಓದಿದರೆ ಅಲಗುಗಳ ಮಳೆಯೇ ಆಗುತ್ತದೆ ಎನ್ನಿಸಿತು. ಕಣ್ಣು ಪುಸ್ತಿಕೆಯ ಮೇಲಿತ್ತು, ಬಾಯಿ ಬೇರೆಯೇ ಹೇಳಿತು: ‘ಹನ್ನೆರಡನೆಯ ಪಾಠ. ದಿನದ ಮೊದಲ ಕೆಲಸ ಕೆಡುತ್ತದೆ. ಕೈಗೆ ಇನ್ನೂ ನಿದ್ದೆ ಬಿಟ್ಟಿರುವುದಿಲ್ಲ. ಅದನ್ನು ಪಕ್ಕಕ್ಕಿಡಿ, ಅದರ ಮೇಲೆ ದಿನವನ್ನು ನಿಲ್ಲಿಸಬೇಡಿ.’

ಯಾರೂ ನಗಲಿಲ್ಲ. ಒಬ್ಬಳು ಮೇಜಿಗೆ ಅಲಗು ಬಡಿದಳು. ಆಮೇಲೆ ಅಲ್ಲೊಂದು ಇಲ್ಲೊಂದು. ಒಲೆಗಾರಿಯೊ ತಲೆ ಎತ್ತಿ ನನ್ನನ್ನೇ ನೋಡಿದ, ಕಣ್ಣು ಮಿಟುಕಿಸಿ ತನ್ನ ಅಲಗನ್ನೂ ಬಡಿದ.

ಮ್ಯಾನೇಜರಿಗೆ ಗೊತ್ತಾದರೆ ಅಂದೇ ನನ್ನ ಕಥೆ ಮುಗಿಯಿತು.

ಇಂದು ಚೆನ್ನಾಗಿ ಮಾಡಿದ ಕೆಲಸ: ಸುಳ್ಳು ಹೇಳಿದೆ.

ಜನವರಿ 30, ಶುಕ್ರವಾರ

ಈಗ ಕಾಫಿಯ ಹೊತ್ತೆಲ್ಲ ಸುತ್ತುವವರ ನಡುವೆಯೇ ಕಳೆಯುತ್ತೇನೆ. ಕೇಳುತ್ತೇನೆ, ಸಂಜೆ ಬರೆದುಕೊಳ್ಳುತ್ತೇನೆ, ಮರುದಿನ ಪುಸ್ತಿಕೆಯ ಪಾಠ ಎಂದು ಓದುತ್ತೇನೆ. ಐವತ್ತರ ಕಟ್ಟು ಕಟ್ಟುವವರೆಗೂ ಸುತ್ತಿದ್ದನ್ನು ಎಣಿಸಬೇಡ. ಗಡಿಯಾರ ನೋಡಬೇಕೆನ್ನಿಸಿದಾಗ ಪಕ್ಕದವಳ ಕೈ ನೋಡು. ಬೈಸಿಕೊಂಡ ದಿನ ದೊಡ್ಡ ಅಳತೆಯದನ್ನು ಮುಟ್ಟಬೇಡ, ಸಣ್ಣದನ್ನು ಸುತ್ತು, ಸಿಟ್ಟಿನ ಕೈಗೆ ಎಲೆ ಹರಿಯುತ್ತದೆ. ಇವತ್ತು ಅರ್ಧ ಹಜಾರ ಅಲಗು ಬಡಿಯಿತು. “ಆ ಪುಸ್ತಕಕ್ಕೆ ಈಗ ಬುದ್ಧಿ ಬಂತು ನೋಡು,” ಎಂದು ಯಾರೋ ಕೂಗಿದರು.

ಆ ಸದ್ದಿದೆಯಲ್ಲ, ಅಷ್ಟು ಕಬ್ಬಿಣ ಅಷ್ಟು ಮರಕ್ಕೆ ಒಟ್ಟಿಗೆ ಬಡಿಯುವುದು, ಅದು ಕಾಲಿನಿಂದ ಹತ್ತಿ ಹಲ್ಲಿನವರೆಗೂ ಬರುತ್ತದೆ. ಬರದ ದಿನ ಏನಾಗಬಹುದೆಂದು ಯೋಚಿಸಿದರೆ ಊಟ ಸೇರುವುದಿಲ್ಲ.

ಫೆಬ್ರವರಿ 2, ಸೋಮವಾರ

ಇವತ್ತಿನ ಪಾಠಕ್ಕೆ ಬರೀ ಎಂಟೋ ಹತ್ತೋ ಅಲಗು. ಹೇಳಿದ್ದನ್ನೇ ಹೇಳಿದೆನಂತೆ. ನಾಳೆಗೆ ನನ್ನ ಬಳಿ ಏನೂ ಇಲ್ಲ.

ಏನೂ ಇಲ್ಲ ಎನ್ನುವುದು ನಿಜವಲ್ಲ. ಒಂದಿದೆ.

ಒಲೆಗಾರಿಯೊ ಎಲೆಗೆ ಮುತ್ತು ಕೊಡುವ ಮುದುಕ. ಹಾಗೆಂದೇ ಎಲ್ಲರೂ ರೇಗಿಸುವುದು. ಹೊರ ಎಲೆ ಸುತ್ತುವ ಮುಂಚೆ ಅದನ್ನು ಕೆಳತುಟಿಗೆ ತಾಗಿಸಿ ಒಮ್ಮೆ ಎಳೆಯುತ್ತಾನೆ. ಠೀವಿಗೆ ಮಾಡುತ್ತಾನೆ ಎಂದುಕೊಂಡಿದ್ದೆವು. ಶುಕ್ರವಾರ ಗೋಡೆಯ ಬಳಿ ಕೂತಿದ್ದಾಗ ತಾನಾಗಿಯೇ ಹೇಳಿದ: “ನನ್ನ ಬಲಗೈ ಹೆಬ್ಬೆಟ್ಟು ಮರಗಟ್ಟಿ ವರ್ಷ ಆಯ್ತು ಮಗಳೇ. ಎಲೆ ಒಳಮೈ ಯಾವುದು, ಹೊರಮೈ ಯಾವುದು, ಒದ್ದೆ ಎಷ್ಟು, ಒಂದೂ ತಿಳಿಯಲ್ಲ. ತುಟಿಗೆ ತಿಳಿಯುತ್ತೆ. ಅವರು ಮುತ್ತು ಅಂತಾರೆ, ಅನ್ಕೊಳ್ಳಿ. ನಮ್ಮೋಳಿಗೂ ಹೇಳಿಲ್ಲ ಇದನ್ನ.”

ಅವನ ಹೆಸರು ಹೇಳದಿದ್ದರಾಯಿತು. ಹೆಸರಿಲ್ಲದೆ ಓದಿದರೆ ಯಾರಿಗೆ ಗೊತ್ತಾಗುತ್ತದೆ?

ಫೆಬ್ರವರಿ 3, ಮಂಗಳವಾರ

ಓದಿದೆ. ‘ಹದಿನೇಳನೆಯ ಪಾಠ. ಒಂದು ದಾರಿ ಮುಚ್ಚಿದರೆ ಕೆಲಸ ಬಿಡಬೇಡಿ. ಬೆರಳು ಮರಗಟ್ಟಿದರೆ ತುಟಿಯನ್ನು ಕೇಳಿ. ಬೆರಳು ಮರೆತದ್ದು ತುಟಿಗೆ ನೆನಪಿರುತ್ತದೆ.’

ಓದುತ್ತಿದ್ದಾಗ ಎಷ್ಟು ಚೆನ್ನಾಗಿದೆ ಎನ್ನಿಸಿತು. ದನಿಯೂ ಒಡೆಯಲಿಲ್ಲ. ಮುಗಿಸಿ ತಲೆ ಎತ್ತಿದೆ. ಒಂದು ಅಲಗೂ ಬಡಿಯಲಿಲ್ಲ. ತೊಂಬತ್ತೈದು ತಲೆಗಳು ಮೂರನೆಯ ಸಾಲಿನ ಕಡೆ ತಿರುಗಿದ್ದವು. ಅಲ್ಲಿ ಒಲೆಗಾರಿಯೊ ಎಲೆಯನ್ನು ತುಟಿಯವರೆಗೆ ಎತ್ತಿ ಹಾಗೇ ನಿಲ್ಲಿಸಿಕೊಂಡಿದ್ದ. ನಿಧಾನವಾಗಿ ಎಲೆ ಕೆಳಗಿಟ್ಟ. ಅಲಗನ್ನು ತೆಗೆದುಕೊಂಡು, ಕೈ ಚಾಚಿ, ನೆಲದ ಮೇಲೆ ಬಿಟ್ಟ.

ಹಜಾರದ ತುದಿಯಲ್ಲಿ ಗುಣಮಟ್ಟದ ತಪಾಸಕ ಕೈಕಟ್ಟಿ ನಿಂತಿದ್ದ. ಅವನೂ ಮೂರನೆಯ ಸಾಲನ್ನೇ ನೋಡುತ್ತಿದ್ದ.

ದೇವರೇ, ಏನು ಮಾಡಿಬಿಟ್ಟೆ ನಾನು?

ಫೆಬ್ರವರಿ 4, ಬುಧವಾರ

ಒಲೆಗಾರಿಯೊನ ಕಣ್ಣಿಗೆ ಕರವಸ್ತ್ರ ಕಟ್ಟಿ, ಐದು ಎಲೆ ಕೊಟ್ಟು, ಒಳಮೈ ಯಾವುದು ಹೊರಮೈ ಯಾವುದು ಬೆರಳಲ್ಲೇ ಹೇಳು ಎಂದರಂತೆ. ಐದರಲ್ಲಿ ಎರಡನ್ನು ಸರಿ ಹೇಳಿದ. ತುಟಿಗೆ ತಾಗಿಸಿದ ಎಲೆಯನ್ನು ಪೆಟ್ಟಿಗೆಗೆ ಹಾಕುವ ಹಾಗಿಲ್ಲ ಎಂದೂ ಹೇಳಿದರಂತೆ.

ಎವೆಲಿಯೊ ನನ್ನನ್ನು ಕರೆದು ಕೈ ಕುಲುಕಿದ. “ಎಂಥಾ ಪಾಠ ಕಣೇ ಅದು, ಹದಿನೇಳನೇದು! ವರ್ಷದಿಂದ ಕಣ್ಣು ತಪ್ಪಿಸಿಕೊಂಡಿದ್ದ ಲೋಪ ಒಂದೇ ದಿನದಲ್ಲಿ ಸಿಕ್ಕಿಬಿತ್ತು. ಬೇರೆ ಕಾರ್ಖಾನೆಯವರೂ ಓದ್ಲಿ ಅಂತ ಮೇಲಕ್ಕೆ ಬರೀತೀನಿ.”

ಪುಸ್ತಿಕೆಯ ಹದಿನೇಳನೆಯ ಪಾಠ ‘ನಿಮ್ಮ ಮೇಜನ್ನು ಚೊಕ್ಕಟವಾಗಿಡಿ’ ಎಂದು. ನಾನು ಹೂಂ ಎಂದು ತಲೆಯಾಡಿಸಿ ಬಂದೆ. ಅಷ್ಟೇ ನನ್ನ ಕೈಲಾದದ್ದು.

ಫೆಬ್ರವರಿ 5, ಗುರುವಾರ

ಅವನನ್ನು ಒಳಕೋಣೆಗೆ ಹಾಕಿದ್ದಾರೆ. ನರ ಕೀಳುವುದಕ್ಕೆ. ನನ್ನ ಕುರ್ಚಿಗೆ.

ಫೆಬ್ರವರಿ 6, ಶುಕ್ರವಾರ

ಓದಿದೆ. ಏನು ಓದಿದೆನೋ ನೆನಪಿಲ್ಲ. ಅಲಗು ಬಿದ್ದವೋ ಇಲ್ಲವೋ ಅದೂ ನೆನಪಿಲ್ಲ.

ಫೆಬ್ರವರಿ 9, ಸೋಮವಾರ

ಒಳಕೋಣೆಯ ಬಾಗಿಲ ಬಳಿ ಮೂರು ಸಲ ಹೋಗಿ ಮೂರು ಸಲ ವಾಪಸ್ಸು ಬಂದೆ. ನಾಲ್ಕನೆಯ ಸಲ ಮಿಗ್ದಾಲಿಯಾ ಒಳಗಿನಿಂದಲೇ ಬಾಗಿಲು ತೆರೆದು, “ಬರೋದಾದ್ರೆ ಬಾ, ಎಲೆ ಒಣಗ್ತಿದೆ,” ಎಂದಳು.

ಒಲೆಗಾರಿಯೊ ಹಲಗೆಯ ಮೇಲೆ ಬಗ್ಗಿದ್ದ. ನರವನ್ನು ಅರ್ಧಕ್ಕೇ ಮುರಿಯುತ್ತಿದ್ದ. ಇಪ್ಪತ್ತೆರಡು ಹೆಂಗಸರ ನಡುವೆ ಒಬ್ಬನೇ ಗಂಡಸು. ಆ ಘಾಟಿಗೆ ಅವನ ಕಣ್ಣಲ್ಲಿ ನೀರು. ಘಾಟಿಗೇ ಇರಬೇಕು.

“ಅಜ್ಜಾ.”

ತಲೆ ಎತ್ತಲಿಲ್ಲ. “ಈ ಕುರ್ಚಿ ಒಂದು ಕಾಲು ಕುಂಟು ಅಂತ ಯಾಕೆ ಹೇಳ್ಲಿಲ್ಲ?”

“ರಟ್ಟು ಮಡಚಿ ಇಡ್ತಿದ್ದೆ ಅದಕ್ಕೆ. ಎಡಗಡೆ ಮುಂದಿನ ಕಾಲಿಗೆ.”

ಬಗ್ಗಿ, ಗೋಡೆಯ ಮೂಲೆಯಲ್ಲಿ ಬಿದ್ದಿದ್ದ ರಟ್ಟಿನ ಚೂರನ್ನು ಹುಡುಕಿ ಕಾಲಿನಡಿ ಇಟ್ಟೆ. ಅವನು ಕುರ್ಚಿಯನ್ನು ಒಮ್ಮೆ ಅಲುಗಿಸಿ ನೋಡಿದ.

“ತಪ್ಪಾಯ್ತು ಅಜ್ಜಾ. ನಿನ್ನ ಹೆಸರು ಹೇಳಿರ್ಲಿಲ್ಲ ನಾನು.”

“ನೀನು ಸುಳ್ಳೇನೂ ಹೇಳ್ಲಿಲ್ಲ.” ಈಗ ಅವನು ನನ್ನನ್ನು ನೋಡಿದ. “ನಾನು ಹೇಳಿದ್ದು ನಿನಗೆ ಕಣಮ್ಮ. ಪುಸ್ತಕಕ್ಕೆ ಹೇಳಿರ್ಲಿಲ್ಲ.”

ಮತ್ತೆ ಎಲೆಗೆ ಬಗ್ಗಿದ. ಹೊರಗೆ ಬಂದು ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತೆ. ಅಳು ನಿಂತ ಮೇಲೂ ಅವನ ಹೆಬ್ಬೆಟ್ಟೇ ಕಣ್ಣ ಮುಂದೆ ಇತ್ತು. ಅವನು ಅಲ್ಲಿ ಒಂದು ಚಳಿಗಾಲ ಕೂತರೆ? ಆ ಎದೆ ತಡೆದೀತೇ? ಮನೆಯವಳಿಗೆ ಏನೆಂದು ಹೇಳಿದ್ದಾನೋ.

ಫೆಬ್ರವರಿ 10, ಮಂಗಳವಾರ

ನಾಳೆ ಮತ. ಹೇಳಿಬಿಡಬೇಕು. ಹೇಳಿದರೆ ಎವೆಲಿಯೊ ಬಿಡುವುದಿಲ್ಲ. ಹೇಳದಿದ್ದರೆ ಒಲೆಗಾರಿಯೊನ ಮಾತು ಆ ಪುಸ್ತಿಕೆಯ ಹೆಸರಿನಲ್ಲಿ ಎಲ್ಲ ಕಾರ್ಖಾನೆಗೂ ಹೋಗುತ್ತದೆ.

ಅನ್ನ ತಳ ಹತ್ತಿತು. ಹಾಗೇ ಉಂಡೆ.

ಫೆಬ್ರವರಿ 11, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ವೇದಿಕೆ ಹತ್ತಿದೆ. ಮೈಕು ಕೆಳಗಿಟ್ಟು ಬರಿ ದನಿಯಲ್ಲೇ ಹೇಳಿದೆ. “ಹನ್ನೆರಡನೇ ಪಾಠದಿಂದ ಈಚೆಗೆ ನಾನು ಓದಿದ್ದು ಯಾವುದೂ ಪುಸ್ತಕದಲ್ಲಿಲ್ಲ. ನೀವು ನೀವೇ ಹೇಳಿದ್ದನ್ನ ಬರ್ಕೊಂಡು ಬಂದು ಓದ್ದೆ. ನೀವು ಅಲಗು ಬಡೀಲಿ ಅಂತ. ಹದಿನೇಳನೇದು ಒಲೆಗಾರಿಯೊ ನನ್ನೊಬ್ಬಳನ್ನೇ ನಂಬಿ ಹೇಳಿದ್ದು. ಅದನ್ನ ಓದಿದ್ದು ನಾನು. ಅವರು ಅಲ್ಲಿ ಕೂತಿರೋದು ನನ್ನಿಂದ. ಇಷ್ಟೇ. ಈಗ ಏನ್ ಮಾಡ್ತೀರೋ ಮಾಡಿ.”

ಎವೆಲಿಯೊ ದಡಬಡನೆ ಬಂದು ಪುಸ್ತಿಕೆ ಕಿತ್ತುಕೊಂಡು ಹಾಳೆ ಮಗುಚಿದ. ಬಹುಶಃ ಅದೇ ಮೊದಲ ಸಲ. “ಮೇಜು ಚೊಕ್ಕಟವಾಗಿಡಿ?” ಎಂದ. ಕಿವಿಯವರೆಗೂ ಕೆಂಪಾದ. “ಮತ ಗಿತ ಏನೂ ಬೇಡ. ಇವಳು ಇವತ್ತೇ ಇಳೀಲಿ.”

“ಓದುಗ ಬೇಕೋ ಬೇಡವೋ ಅನ್ನೋದು ನಮಗೆ ಸೇರಿದ್ದು,” ಎಂದು ಮುಂದಿನ ಸಾಲಿನ ಒಬ್ಬಳು ಎದ್ದು ನಿಂತಳು. “ನಮ್ಮಜ್ಜಂದಿರ ಕಾಲದಿಂದ್ಲೂ ಹಾಗೇ. ನೀವು ಕೂತ್ಕೊಳ್ಳಿ ಎವೆಲಿಯೊ.” ಅವನು ಕೂರಲಿಲ್ಲ, ಆದರೆ ಬಾಯಿ ಮುಚ್ಚಿದ.

ಅಲಗುಗಳು ಮೇಜಿಗೂ ಬಿದ್ದವು, ನೆಲಕ್ಕೂ ಬಿದ್ದವು. ಎಷ್ಟು ಎತ್ತ ಎಂದು ತಿಳಿಯದೆ ಕೈ ಎತ್ತಿಸಿ ಎಣಿಸಿದರು. ಬೇಕು ಎಂದವರು ನಲವತ್ನಾಲ್ಕು. ಬೇಡ ಎಂದವರು ಐವತ್ತೊಂದು.

ಆಯಿತು ಎಂದುಕೊಂಡೆ. ಮೆಟ್ಟಿಲಿಗೆ ಕಾಲು ಹಾಕಿದ್ದೆ.

“ಒಳಕೋಣೆಯವರದು ಬಂದಿಲ್ಲ,” ಎಂದರು ಯಾರೋ. ಒಳಕೋಣೆಗೂ ಮತ ಉಂಟು. ನಾನಿದ್ದ ಹನ್ನೊಂದು ವರ್ಷದಲ್ಲಿ ಅದಕ್ಕಾಗಿ ಯಾರೂ ಕಾದದ್ದಿಲ್ಲ.

ಬಾಗಿಲು ತೆರೆಯಿತು. ಲೆಕ್ಕ ಹೇಳಲು ಹೆಂಗಸರು ಕಳಿಸಿದ್ದು ಅವನನ್ನು. ಕೈಗೆಲ್ಲ ಎಲೆಯ ಕಂದು ಬಣ್ಣ ಹತ್ತಿತ್ತು. ತನ್ನ ಹಳೆಯ ಮೇಜಿನ ಕಡೆ ನೋಡದೆ ನೇರವಾಗಿ ನಡುವಿಗೆ ಬಂದು ನಿಂತ. ಅವನು ಯಾವ ಅಂಕಿ ಹೇಳಿದರೂ ಹಜಾರ ನಂಬುತ್ತಿತ್ತು. ಯಾರೂ ಹೋಗಿ ಎಣಿಸಿ ನೋಡುತ್ತಿರಲಿಲ್ಲ.

“ಒಳಗೆ ಇಪ್ಪತ್ತಮೂರು ಜನ ಇದ್ದೀವಿ,” ಎಂದ. “ಇಪ್ಪತ್ತೆರಡು ಜನ ಬೇಕು ಅಂದ್ರು. ಒಬ್ಬ ಬೇಡ ಅಂದ. ಆ ಒಬ್ಬ ನಾನು.”

ಅವನು ಹೊರಡಲು ತಿರುಗಿ, ಬಾಗಿಲ ಬಳಿ ನಿಂತು, “ಇನ್ನೊಂದು ಮಾತು,” ಎಂದ. “ಅಲ್ಲಿ ಒಂದಕ್ಷರಾನೂ ಸರಿಯಾಗಿ ಕೇಳ್ಸಲ್ಲ. ನಲವತ್ತೊಂದು ವರ್ಷ ಈ ಕಡೆ ಕೂತಿದ್ದೆ, ನನಗೆ ಗೊತ್ತೇ ಇರ್ಲಿಲ್ಲ.”

ಬಾಗಿಲು ಮುಚ್ಚಿಕೊಂಡಿತು.

ಫೆಬ್ರವರಿ 13, ಶುಕ್ರವಾರ

ಬೇಕು ಅರವತ್ತಾರು, ಬೇಡ ಐವತ್ತೆರಡು. ಎವೆಲಿಯೊ ಎರಡು ದಿನ ತಡಮಾಡಿ ಸಹಿ ಹಾಕಿದ. ಪುಸ್ತಿಕೆಯನ್ನು ತಾನೇ ಇಟ್ಟುಕೊಂಡ. ದೊಡ್ಡ ಅಳತೆಯ ಮೇಜಿಗೆ ಒಲೆಗಾರಿಯೊನನ್ನು ವಾಪಸ್ಸು ಹಾಕಿ ಎಂದು ಕೇಳಿದೆ. ಆಗುವುದಿಲ್ಲ ಎಂದ. ಸೋಮವಾರ ಮತ್ತೆ ಕೇಳುತ್ತೇನೆ. ಬೈದರೆ ಬೈಯಲಿ.

ಒಳಕೋಣೆಯ ಬಾಗಿಲನ್ನು ಇವತ್ತು ಓದುವ ಹೊತ್ತಿಗೆ ತೆರೆದಿಟ್ಟೆವು. ಎಲೆ ಒಣಗದ ಹಾಗೆ ಮಿಗ್ದಾಲಿಯಾ ಬಾಗಿಲಿಗೆ ಅಡ್ಡವಾಗಿ ಒದ್ದೆ ಗೋಣಿತಾಟು ಕಟ್ಟಿದಳು. ವೇದಿಕೆಯಿಂದ ಕುರ್ಚಿ ಇಳಿಸಿಕೊಂಡು ಆ ತಾಟಿನ ಪಕ್ಕದಲ್ಲೇ ಕೂತೆ. ಮುಂದೆ ಹಜಾರ, ಬೆನ್ನಿಗೆ ಒಳಕೋಣೆ. ಬಾಯಿ ಪಸೆ ಆರಿತ್ತು. ಮೊದಲ ಪುಟ ಕೆಡುತ್ತದೆ ಎಂದು ಗೊತ್ತಿತ್ತು, ಕೆಟ್ಟಿತು, ಮುಂದಕ್ಕೆ ಓದಿದೆ. ಪಾಠ ಗೀಠ ಏನೂ ಇಲ್ಲ. ಹೊಸ ಕಾದಂಬರಿಯ ಮೊದಲ ಅಧ್ಯಾಯ. ಯಾರು ಯಾರನ್ನು ಕೊಂದರು ಎನ್ನುವುದನ್ನು ಎರಡು ಸಲ ಓದಿದೆ.

ಮುಗಿದಾಗ ಹಜಾರದಲ್ಲಿ ಅಲಗುಗಳು ಬಡಿದವು. ಎಷ್ಟು ಎಂದು ಎಣಿಸಲಿಲ್ಲ. ನಾನು ಕಿವಿಗೊಟ್ಟಿದ್ದು ಬೆನ್ನ ಹಿಂದೆ. ಗೋಣಿತಾಟಿನಾಚೆ ಹಲಗೆಗಳ ಮೇಲೆ ಅಂಗೈಗಳು ಬಡಿಯುತ್ತಿದ್ದವು, ಮೆತ್ತಗೆ, ಒಟ್ಟಿಗೆ. ಇಪ್ಪತ್ತೆರಡೋ ಇಪ್ಪತ್ತಮೂರೋ ಗೊತ್ತಾಗಲಿಲ್ಲ. ತಾಟು ಸರಿಸಿ ನೋಡಲು ಧೈರ್ಯ ಸಾಲಲಿಲ್ಲ.